ಪಿಕಪ್ಪಿಗೊಂದು ಮಾಡು

ಹೆಬ್ರಿ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಪಿಕಪ್ಪಿನ ಹಿಂಬದಿಗೆ ಏನು ಕಟ್ಟಿದ್ದಾರೆ ಎನ್ನುವುದರಿಂದಲೇ ಅದರ ಕಸುಬು ಹೇಳಬಹುದು. ತೆರೆದೇ ಇದ್ದರೆ ಕೆಂಪುಕಲ್ಲು, ಮರಳು, ಸೆಂಟ್ರಿಂಗ್ ಹಲಗೆ. ಕಮಾನು ಪೈಪಿನ ಮೇಲೆ ಟರ್ಪಾಲು ಬಿಗಿದಿದ್ದರೆ ಅಡಿಕೆ, ಇಲ್ಲವೆ ಅಂಗಡಿ ಸಾಮಾನು. ಕಂಬಿಯ ಗೂಡಾದರೆ ಕೋಳಿ. ನಾಲ್ಕೂ ಕಡೆ ತಗಡು ಮುಚ್ಚಿದ ಪೆಟ್ಟಿಗೆಯಾದರೆ ಬೇಕರಿ. ಉಡುಪಿಯಿಂದ ಆಗುಂಬೆಗೆ ಹತ್ತುವ 169ಎ ಹೆದ್ದಾರಿ, ಕಾರ್ಕಳದ ದಾರಿ, ಕುಂದಾಪುರದ ದಾರಿ ಎಲ್ಲ ಇಲ್ಲಿಯೇ ಕೂಡುವುದರಿಂದ ಈ ಎಲ್ಲ ನಮೂನೆಯ ಗಾಡಿಗಳೂ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತವೆ.

ಇವುಗಳ ನಡುವೆ ಸೌಂಡ್ಸ್‌ನವರ ಗಾಡಿಯೂ ಉಂಟು. ನನ್ನ ತಂಗಿಯ ಮಗ ಆ ಕೆಲಸದವನು. ಯಕ್ಷಗಾನದ ಆಟ, ಕೋಲ, ಬ್ರಹ್ಮಕಲಶ, ಮದುವೆ ಎಲ್ಲಿ ಕರೆದರೂ ಸ್ಪೀಕರ್ ಬಾಕ್ಸು, ಆಂಪ್ಲಿಫೈಯರು, ಪಾರ್ ಲೈಟು, ವಯರಿನ ಸುರುಳಿಗಳನ್ನು ಹೇರಿಕೊಂಡು ಹೋಗುತ್ತಾನೆ. ಇಷ್ಟು ದಿನ ಬಾಡಿಗೆ ಗಾಡಿಯಲ್ಲಿ ನಡೆಯುತ್ತಿತ್ತು. ಈಗ ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್ಪೊಂದನ್ನು ಕೊಂಡಿದ್ದಾನೆ. ಎಂಜಿನ್ ಗಟ್ಟಿ, ಚಾಸಿಗೆ ತುಕ್ಕಿಲ್ಲ, ಆದರೆ ಮೇಲೆ ಆಕಾಶ. "ಮಾವ, ಇದಕ್ಕೆ ಎಂತ ಟಾಪ್ ಹಾಕಿಸುವುದು? ಹತ್ತು ವರ್ಷ ಬರಬೇಕು" ಎಂದು ಕೇಳಿದ. ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು.

ಅದಕ್ಕೆ ಕಾರಣವುಂಟು. ಸಾಮಾನು ಸಾಗಿಸುವವನಿಗೆ ಟಾಪು ಸರಕಿನ ಹೊದಿಕೆ, ಅಷ್ಟೆ. ಸೌಂಡ್ಸ್‌ನವನಿಗೆ ಅದೇ ಮನೆ. ಈಚೆಗೆ ಕಾಲಮಿತಿಯ ಆಟಗಳು ಹೆಚ್ಚಿದ್ದರೂ ಕೋಲ, ನೇಮ ಇಂದಿಗೂ ಬೆಳಗಿನವರೆಗೆ ನಡೆಯುತ್ತವೆ. ಮುಗಿದ ಮೇಲೆ ವಯರು ಸುತ್ತಿ, ಬಾಕ್ಸು ಏರಿಸಿ ಹೊರಡುವಾಗ ಕಣ್ಣು ತೆರೆದಿರುವುದಿಲ್ಲ. ತೀರ್ಥಹಳ್ಳಿ ಕಡೆಯ ಕಾರ್ಯಕ್ರಮವಾದರೆ ಅದೇ ಕಣ್ಣಿನಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯಬೇಕು. ಅಂಥ ಹೊತ್ತಿನಲ್ಲಿ ಗಾಡಿ ಬದಿಗೆ ಹಾಕಿ ಎರಡು ಗಂಟೆ ನಿದ್ದೆ ಮಾಡಿ ಬರುವುದಕ್ಕೆ ಒಣಗಿದ, ಉಸಿರಾಡುವ ಜಾಗವೊಂದು ಹಿಂದೆ ಇದ್ದರೆ ಅದು ಜೀವ ಉಳಿಸುವ ಸಂಗತಿ. ನಮ್ಮ ಕಡೆ ರಾತ್ರಿಯ ಕಲೆಯೆಲ್ಲ ನಡೆಯುವುದು ಇಂಥ ನಿದ್ದೆಗೆಟ್ಟ ಹುಡುಗರ ಬಲದಿಂದ. ವೇಷ ಕಟ್ಟುವವರಿಗೆ ಚೌಕಿಯಾದರೂ ಇರುತ್ತದೆ, ಇವರಿಗೆ ಸ್ಪೀಕರ್ ಬಾಕ್ಸಿನ ಮೇಲೆ ಚಾಪೆ. ಅವರು ಮಲಗುವ ಜಾಗದ ಬಗ್ಗೆ ಯಾರಾದರೂ ಕುಳಿತು ಯೋಚಿಸಬೇಕು ಎಂದು ನನಗೆ ಮೊದಲಿನಿಂದಲೂ ಅನಿಸುತ್ತಿತ್ತು.

ಹೊರದೇಶಗಳಲ್ಲಿ ಇದು ದೊಡ್ಡ ವ್ಯಾಪಾರ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪಿಕಪ್ಪಿಗೆ ಫೈಬರಿನ ಚಿಪ್ಪು ಕೂರಿಸಿ, ಒಳಗೆ ಹಾಸಿಗೆ ಹಾಕಿಕೊಂಡು ವಾರಗಟ್ಟಲೆ ತಿರುಗುತ್ತಾರೆ. ನಮ್ಮಲ್ಲೂ 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ಅಂಥ ರೆಡಿಮೇಡ್ ಚಿಪ್ಪುಗಳು ಸಿಗತೊಡಗಿದವು. ಆದರೆ ಅವು ಕಾರಿನಂತೆ ಬಾಗಿದ ಅಂಚಿರುವ ತೊಟ್ಟಿಗೆ ಅಳೆದು ಮಾಡಿದವು. ನಮ್ಮ ಬೊಲೆರೊ ಪಿಕಪ್ಪಿನದು ಚಪ್ಪಟೆ ತಳ, ಕೊಂಡಿ ಬಿಚ್ಚಿದರೆ ಮೂರು ಕಡೆಯೂ ಕೆಳಗೆ ಬೀಳುವ ಪಟ್ಟಿ. ಅದಕ್ಕೆ ಬೇಕಾದ್ದನ್ನು ಇಲ್ಲಿಯೇ ಕಟ್ಟಿಸಬೇಕು. ಕಟ್ಟಿಸುವುದಾದರೆ ಯಾವುದರಲ್ಲಿ ಎಂಬುದೇ ಪ್ರಶ್ನೆ.

ಮೊದಲು ಮಳೆಯ ಲೆಕ್ಕ. ಮೇಲಿನ ಆಗುಂಬೆಗೆ ವರ್ಷಕ್ಕೆ ಸುಮಾರು 7,600 ಮಿ.ಮೀ. ಮಳೆ. ಘಾಟಿಯ ಬುಡದ ನಾವು ಅಷ್ಟು ಕಾಣದಿದ್ದರೂ ಉಡುಪಿ ಪೇಟೆಯವರಿಗಿಂತ ಹೆಚ್ಚೇ ಕಾಣುತ್ತೇವೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ಪಿನ ಮಾಡೆಂದರೆ ಸುಮಾರು ನಾಲ್ಕೂವರೆ ಚದರ ಮೀಟರ್. ಸೋಮೇಶ್ವರದ ಕಾಡಿನ ರಸ್ತೆಯಲ್ಲಿ ಗಂಟೆಗೆ 50 ಮಿ.ಮೀ. ಹೊಡೆದರೆ, ಅದು ನಮ್ಮ ಜುಲೈಗೆ ಹೊಸದಲ್ಲ, ಆ ಪುಟ್ಟ ಮಾಡಿನ ಮೇಲೆ ಒಂದೇ ಗಂಟೆಯಲ್ಲಿ 225 ಲೀಟರ್ ಸುರಿದಂತಾಯಿತು. ಅಷ್ಟೂ ನೀರು ಎಲ್ಲಿಗೋ ಹೋಗಲೇಬೇಕು. ಎಲ್ಲಿಗೆ ಎಂದು ನಾವು ಮೊದಲೇ ಹೇಳಿಡದಿದ್ದರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಟರ್ಪಾಲಿನ ಬಗ್ಗೆ ನನಗೆ ಗೌರವವಿದೆ. ಮೇ ತಿಂಗಳಲ್ಲಿ ಹೆಬ್ರಿಯ ಅಂಗಡಿಗಳ ಮುಂದೆ ನೀಲಿ, ಬೂದು, ಹಳದಿ ಟರ್ಪಾಲುಗಳು ತೂಗತೊಡಗಿದವೆಂದರೆ ಮಳೆಗಾಲ ಬಂತೆಂದೇ ಅರ್ಥ. ಸೌದೆಗೆ, ಅಡಿಕೆ ಅಂಗಳಕ್ಕೆ, ದನದ ಕೊಟ್ಟಿಗೆಯ ಗಾಳಿ ಬದಿಗೆ, ಎಲ್ಲದಕ್ಕೂ ಅದೇ. ಗಾಡಿಗೂ ಅಗ್ಗ, ಹಗುರ, ಹರಿದರೆ ಹೊಸದು. ಚದರ ಮೀಟರಿಗೆ 250 ಗ್ರಾಮಿನ ದಪ್ಪದ್ದಾದರೂ ಇಡೀ ಗಾಡಿಗೆ ಬೇಕಾದ ಬಟ್ಟೆ ನಾಲ್ಕು ಕೆ.ಜಿ. ದಾಟುವುದಿಲ್ಲ. ಆದರೆ ಅದಕ್ಕೆ ಮೂರು ಶತ್ರುಗಳು. ಬಿಸಿಲು ಪ್ಲಾಸ್ಟಿಕ್ಕನ್ನು ಪುಡಿ ಮಾಡುತ್ತದೆ. ಓಡುವಾಗ ಗಾಳಿಗೆ ಬಡಿದು ಬಡಿದು ಕಮಾನು ತಾಗುವಲ್ಲಿ ಸವೆಯುತ್ತದೆ. ಮೂರನೆಯದು ಎರಡು ಕಮಾನುಗಳ ನಡುವಿನ ಜೋಲು. ಅಲ್ಲಿ ಒಂದು ಕೊಡ ನೀರು ನಿಂತರೆ ಆ ಭಾರಕ್ಕೆ ಜೋಲು ಇನ್ನಷ್ಟು ಇಳಿದು ಇನ್ನೊಂದು ಕೊಡಕ್ಕೆ ಜಾಗವಾಗುತ್ತದೆ. ಕೊನೆಗೆ ಹಗ್ಗ ಕಟ್ಟುವ ಕಣ್ಣು ಕಿತ್ತು ಬರುತ್ತದೆ. ಬೀಗವಂತೂ ಇಲ್ಲ. ಲಕ್ಷಗಟ್ಟಲೆಯ ಮಿಕ್ಸರು ಆಂಪ್ಲಿಫೈಯರುಗಳನ್ನು ಬಟ್ಟೆಯ ಹಿಂದೆ ಬಿಟ್ಟು ಊಟಕ್ಕೆ ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ. ಟರ್ಪಾಲನ್ನು ಅಲ್ಲಿಗೆ ಬಿಟ್ಟೆವು.

ಕಬ್ಬಿಣ ಎಲ್ಲರೂ ಮೊದಲು ಹೇಳುವ ಹೆಸರು. ಊರಿನ ವೆಲ್ಡಿಂಗ್ ಶೆಡ್ಡಿನಲ್ಲೇ ಆಗುತ್ತದೆ, ಗುದ್ದಿದರೆ ಬಗ್ಗಿಸಿ ಸರಿ ಮಾಡಬಹುದು. ತೂಕದ ಲೆಕ್ಕ ಹಾಕಿದಾಗ ನನ್ನ ಮನಸ್ಸು ಹಿಂಜರಿಯಿತು. ಮಾಡು, ಎರಡು ಬದಿ, ಮುಂದೆ, ಹಿಂದೆ ಎಲ್ಲ ಸೇರಿದರೆ ಸುಮಾರು 15 ಚದರ ಮೀಟರ್ ತಗಡು. 1.2 ಮಿ.ಮೀ. ದಪ್ಪದ ಕಬ್ಬಿಣ ಚದರ ಮೀಟರಿಗೆ ಒಂಬತ್ತೂವರೆ ಕೆ.ಜಿ. ಹತ್ತಿರ ತೂಗುತ್ತದೆ. ತಗಡೇ 140 ಕೆ.ಜಿ., ಅದರ ಒಳಗಿನ ಪೈಪಿನ ಚೌಕಟ್ಟು ಬೇರೆ. 1.7 ಟನ್ ಹೊರುವ ಗಾಡಿಗೆ ಅದೇನು ಭಾರವೆಂದು ವೆಲ್ಡರು ಕೇಳಬಹುದು. ಭಾರ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ತಳದಲ್ಲಿರುವ ಸ್ಪೀಕರು ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ತಲೆಯ ಮೇಲಿನ ತಗಡು ತಿರುವಿನಲ್ಲಿ ಗಾಡಿಯನ್ನು ಹೊರಗೆ ಎಳೆಯುತ್ತದೆ. ಘಾಟಿಯಲ್ಲಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ತುಕ್ಕು. ಸತುವಿನ ಲೇಪವಿರುವ ಜಿಐ ಶೀಟು ತಂದರೂ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಆ ಸತು ಸುಟ್ಟುಹೋಗಿರುತ್ತದೆ. ಮೇಲೆ ಬಣ್ಣ ಬಳಿದು ಮುಚ್ಚಿದರೂ ತುಕ್ಕು ಶುರುವಾಗುವುದು ಅಲ್ಲಿಂದಲೇ. ಕಬ್ಬಿಣವೇ ಬೇಕೆನ್ನುವವರು ಪ್ರತಿ ವೆಲ್ಡಿಂಗಿನ ಮೇಲೆ ಸತು ಹೆಚ್ಚಿರುವ ಪ್ರೈಮರನ್ನು ಬಳಿಸಿಕೊಳ್ಳಬೇಕು, ಎದುರಿಗೆ ನಿಂತು ಬಳಿಸಿಕೊಳ್ಳಬೇಕು.

ಅಲ್ಯೂಮಿನಿಯಂ ಚೆಂದ. ಒಂದೂವರೆ ಮಿ.ಮೀ. ದಪ್ಪದ್ದು ಹಾಕಿದರೂ ಕಬ್ಬಿಣದ ಅರ್ಧದಷ್ಟು ತೂಕವಿಲ್ಲ, ಮಳೆನೀರಿಗೆ ಅದು ಹೆದರುವುದೂ ಇಲ್ಲ. ತೊಂದರೆ ಉಪ್ಪಿನದು. ನಮ್ಮವನಿಗೆ ಹೆಬ್ರಿಯಲ್ಲಿ ಎಷ್ಟು ಕೆಲಸವೋ ಮಲ್ಪೆ, ಕಾಪು ಬೀಚಿನಲ್ಲೂ ಅಷ್ಟೇ ಕೆಲಸ. ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ ಒಂದು ಸಂಜೆ ಗಾಡಿ ನಿಲ್ಲಿಸಿ ಗಾಜಿನ ಮೇಲೆ ಬೆರಳು ಎಳೆದು ನೋಡಿದರೆ ಉಪ್ಪಿನ ಜಿಗುಟು ಗೊತ್ತಾಗುತ್ತದೆ. ಅಲ್ಯೂಮಿನಿಯಂ ತಗಡಿಗೆ ಕಬ್ಬಿಣದ ಸ್ಕ್ರೂ ಹೊಡೆದು ನಡುವೆ ಉಪ್ಪುನೀರು ಸೇರಿತೆಂದರೆ ಎರಡು ಲೋಹಗಳ ನಡುವೆ ಸಣ್ಣದಾಗಿ ವಿದ್ಯುತ್ತು ಹರಿದು ಅಲ್ಯೂಮಿನಿಯಂ ಕರಗತೊಡಗುತ್ತದೆ. ಸ್ಕ್ರೂವಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಅಲ್ಯೂಮಿನಿಯಂನದೇ ರಿವೆಟ್ಟು, ಕಬ್ಬಿಣ ತಾಗುವಲ್ಲಿ ರಬ್ಬರ್ ಇಲ್ಲವೆ ನೈಲಾನ್ ವಾಷರು ಹಾಕುವವರು ಸಿಕ್ಕಿದರೆ ಇದು ಒಳ್ಳೆಯ ಆಯ್ಕೆ. ಆ ತಾಳ್ಮೆಯಿಂದ ಮಾಡುವವರು ನಮ್ಮ ಸುತ್ತ ಕಡಿಮೆ.

ಉಳಿದದ್ದು ಫೈಬರು. ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಭಾಗ್ಯವುಂಟು. ಕಾರ್ಖಾನೆಯಿಂದ ತರಿಸಬೇಕಾಗಿಲ್ಲ, ಫೈಬರಿನ ಕೈಗಳು ಮಲ್ಪೆಯಲ್ಲೇ ಇವೆ. ದೋಣಿ ಕಟ್ಟುವವರು, ದೋಣಿ ರಿಪೇರಿ ಮಾಡುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದಡಕ್ಕೆ ಬಂದ ದೋಣಿಗಳನ್ನು ಅವರು ಉಜ್ಜಿ, ತೇಪೆ ಹಾಕಿ ಮತ್ತೆ ಸಮುದ್ರಕ್ಕೆ ಕಳಿಸುತ್ತಾರೆ. ಅರಬ್ಬಿ ಸಮುದ್ರದ ನೀರನ್ನು ಹೊರಗಿಡಬಲ್ಲವರಿಗೆ ಆಕಾಶದ ನೀರು ದೊಡ್ಡದಲ್ಲ ಎಂದುಕೊಂಡು ಅಳಿಯನನ್ನು ಕರೆದುಕೊಂಡು ಅಂಥ ಒಂದು ಶೆಡ್ಡಿಗೆ ಹೋದೆ.

ಒಳಗೆ ಕಾಲಿಟ್ಟ ಕೂಡಲೇ ರೆಸಿನ್ನಿನ ಖಾರ ವಾಸನೆ ಮೂಗಿಗೆ ಹೊಡೆಯಿತು. ಅಚ್ಚೊಂದನ್ನು ಮಗುಚಿ ಇಟ್ಟಿದ್ದರು. ಮೇಣ ಉಜ್ಜಿ, ಅದರ ಮೇಲೆ ಬಣ್ಣದ ಜೆಲ್‌ಕೋಟ್ ಬಳಿದು, ಅದು ಗಟ್ಟಿಯಾಗತೊಡಗಿದಾಗ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಕುಡಿಸುತ್ತಿದ್ದರು. ಬಿಳಿ ಮ್ಯಾಟು ರೆಸಿನ್ ಹೀರಿದಲ್ಲೆಲ್ಲ ಪಾರದರ್ಶಕವಾಗುತ್ತ ಬರುತ್ತದೆ. ಬಿಳಿಯಾಗಿ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅರ್ಥ. ಹಲ್ಲಿರುವ ಸಣ್ಣ ರೋಲರಿನಿಂದ ಆ ಗಾಳಿಯನ್ನು ಅಂಚಿನವರೆಗೆ ಒತ್ತಿ ಓಡಿಸುವುದೇ ಇಡೀ ಕೆಲಸದ ಜೀವ. ಹಿರಿಯ ಕೆಲಸಗಾರರೊಬ್ಬರು ಸಿದ್ಧವಾಗಿದ್ದ ಒಂದು ಹಲಗೆಯ ಬಳಿಗೆ ನನ್ನನ್ನು ಕರೆದು ಕಿಸೆಯಿಂದ ನಾಣ್ಯ ತೆಗೆದು ತಟ್ಟುತ್ತ ಹೋದರು. ಟಕ್, ಟಕ್, ಟಕ್, ಒಂದೇ ದನಿ. ಒಂದು ಮೂಲೆಯಲ್ಲಿ ಮಾತ್ರ ಡಪ್ ಎಂದಿತು. "ಕೇಳಿತಾ ಸರ್? ಇಲ್ಲಿ ಪದರ ಬಿಟ್ಟಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಇದನ್ನು ಕೊಡುವುದಿಲ್ಲ ನಾನು" ಎಂದರು. ತಮ್ಮ ಕೈಯಿಂದಾದ ಕುಂದನ್ನು ತಾವೇ ತಟ್ಟಿ ತೋರಿಸಿದ ಆ ಮನುಷ್ಯನ ಮೇಲೆ ನನಗೆ ನಂಬಿಕೆ ಕುದುರಿತು. ಫೈಬರ್ ಟಾಪನ್ನು ಹೊಸದೇ ಕೊಳ್ಳಿ, ಹಳೆಯದೇ ಕೊಳ್ಳಿ, ಒಂದು ನಾಣ್ಯ ಹಿಡಿದುಕೊಂಡು ಹೋಗಿ.

ಅವರಿಂದ ಕಲಿತದ್ದು ಇನ್ನೂ ಉಂಟು. ಮೂರು ಮಿ.ಮೀ. ದಪ್ಪಕ್ಕೆ ಮಾಡಿದರೆ ಚದರ ಮೀಟರಿಗೆ ನಾಲ್ಕೂವರೆ ಕೆ.ಜಿ. ಆಸುಪಾಸು, ಅಂದರೆ ಇಡೀ ಚಿಪ್ಪು 70 ಕೆ.ಜಿ. ಒಳಗೆ ಬರುತ್ತದೆ. ಮಾಡು ಅದುರದಂತೆ ಒಳಗೆ ಪಕ್ಕೆಲುಬು ಕೊಡಬೇಕು. ಆ ಪಕ್ಕೆಲುಬಿಗೆ ಪ್ಲೈವುಡ್ ತುಂಡು ಹಾಕುವುದು ರೂಢಿ, ಆದರೆ ನಂತರ ಯಾರೋ ಲೈಟು ಸಿಕ್ಕಿಸಲು ಅದಕ್ಕೊಂದು ತೂತು ಹೊಡೆದರೆ ನೀರು ಇಳಿದು ಮರ ಒಳಗೇ ಕೊಳೆಯುತ್ತದೆ, ಹೊರಗೆ ಚಿಪ್ಪು ಮಿರುಗುತ್ತಲೇ ಇರುತ್ತದೆ. ಆದ್ದರಿಂದ ಬೇಕಾದ ತೂತುಗಳನ್ನೆಲ್ಲ ಮೊದಲೇ ಹೇಳಬೇಕು, ಕೊರೆದ ಮೇಲೆ ಪ್ರತಿ ತೂತಿನ ಅಂಚಿಗೂ ರೆಸಿನ್ ಬಳಿಯಬೇಕು. ಹವೆಯಲ್ಲಿ ತೇವ ತುಂಬಿರುವಾಗ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮಳೆಗಾಲಕ್ಕೆ ಮುಂಚೆ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಟಾಪು ಗಾಡಿಯ ಮೇಲಿರಬೇಕು.

ಇಷ್ಟೆಲ್ಲ ಆದ ಮೇಲೂ ನಾನು ಹೇಳುವುದು, ಯಾವುದರಿಂದ ಮಾಡಿದ್ದು ಎನ್ನುವುದು ಅರ್ಧ ಮಾತು ಮಾತ್ರ. ತಗಡಾಗಲಿ ಫೈಬರಾಗಲಿ ನಡುವಿನಲ್ಲಿ ಸೋರುವುದಿಲ್ಲ, ಎರಡು ಸೇರುವಲ್ಲಿ ಸೋರುತ್ತದೆ. ನಮ್ಮ ಮನೆಗಳ ಹೆಂಚಿನ ಮಾಡಿಗೆ ಯಾರೂ ಅಂಟು ಹಚ್ಚಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಹೆಂಚು ನಮ್ಮ ಮಳೆಯನ್ನು ತಡೆಯುತ್ತ ಬಂದದ್ದು ಒಂದರ ಅಂಚು ಇನ್ನೊಂದರ ಮೇಲೆ ಕೂತು, ನೀರಿಗೆ ಕೆಳಮುಖದ ದಾರಿ ಬಿಟ್ಟುಕೊಟ್ಟದ್ದರಿಂದ. ಪಿಕಪ್ಪಿನ ಮಾಡೂ ಹಾಗೆಯೇ ಆಗಬೇಕು. ಮಾಡು ಬದಿಗಳ ಹೊರಗೆ ಇಳಿದು ಬರಬೇಕು, ಬದಿಗಳು ತೊಟ್ಟಿಯ ಪಟ್ಟಿಯ ಹೊರಗೆ ಇಳಿದು ಬರಬೇಕು. ಎರಡನ್ನು ಎದುರುಬದುರು ಇಟ್ಟು ನಡುವೆ ಸಿಲಿಕಾನ್ ತುಂಬಿ "ಒಂದು ಹನಿ ಬರುವುದಿಲ್ಲ" ಎನ್ನುವವರಿದ್ದಾರೆ. ಒಂದು ವರ್ಷ ಬರುವುದಿಲ್ಲ, ನಿಜ. ಗಾಡಿಯೆಂದರೆ ಹಂಪು ಗುಂಡಿಗಳಲ್ಲಿ ದಿನವೂ ತಿರುಚಿಕೊಳ್ಳುವ ವಸ್ತು. ಆ ತಿರುಚಿಗೆ ಸಿಲಿಕಾನ್ ಒಂದು ಕಡೆ ಬಿಟ್ಟುಕೊಳ್ಳುತ್ತದೆ, ಮತ್ತೆ ಸೋರುವುದು ಎಲ್ಲಿಂದ ಎಂದು ಹುಡುಕುವುದೇ ಕೆಲಸವಾಗುತ್ತದೆ. ಮೊದಲು ಹೊದಿಕೆ, ಅದರ ಕೆಳಗೆ ರಬ್ಬರ್ ಬೀಡಿಂಗ್, ಕೊನೆಗೆ ಬೇಕಿದ್ದರೆ ಸಿಲಿಕಾನ್.

ಹಿಂಬಾಗಿಲು ಎಲ್ಲಕ್ಕಿಂತ ಕಷ್ಟದ ಜಾಗ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಚಕ್ರ ಚಿಮ್ಮಿಸಿದ ಕೆಸರು ನೀರು, ಬೇಸಿಗೆಯಲ್ಲಾದರೆ ಕೆಂಪು ಧೂಳು, ಜತೆಗೆ ಹೊಗೆ ಕೂಡ ಅಲ್ಲಿ ಸುಳಿಯಾಗಿ ತಿರುಗುತ್ತದೆ. ಸಣ್ಣ ಸಂದು ಸಿಕ್ಕಿದರೂ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಎರಡು ಉಪಾಯ. ಬಾಗಿಲಿನ ಸುತ್ತ ದಪ್ಪ ಬೀಡಿಂಗ್ ಒಂದು. ಮುಂದಿನ ಗೋಡೆಯಲ್ಲಿ ಕ್ಯಾಬಿನ್ನಿಗಿಂತ ಮೇಲೆ, ಕೆಳಮುಖದ ರೆಕ್ಕೆಗಳಿರುವ ಸಣ್ಣ ಗಾಳಿಕಿಂಡಿ ಇನ್ನೊಂದು. ಓಡುವಾಗ ಅದರಿಂದ ಒಳಗೆ ನುಗ್ಗಿದ ಗಾಳಿ ಹಿಂದಿನ ಸಂದುಗಳಿಂದ ಹೊರಗೆ ತಳ್ಳುತ್ತದೆ, ಧೂಳು ಒಳಬರುವುದು ಬಹಳ ಕಡಿಮೆಯಾಗುತ್ತದೆ.

ಬಾಗಿಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಮಳೆಗಾಗಿ ಕಾಯಬೇಕಾಗಿಲ್ಲ. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದರೆ, ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಅದು ತಾಗುತ್ತಿಲ್ಲ. ರಾತ್ರಿ ಇನ್ನೂ ಸುಲಭ. ಒಬ್ಬರು ಒಳಗೆ ಕೂತು ಬಾಗಿಲು ಹಾಕಿಸಿಕೊಳ್ಳುವುದು, ಇನ್ನೊಬ್ಬರು ಹೊರಗೆ ಟಾರ್ಚ್ ಹಿಡಿದು ಅಂಚುಗಳ ಉದ್ದಕ್ಕೂ ನಡೆಯುವುದು. ಪರಿಚಯದವರ ತಗಡಿನ ಟಾಪಿನಲ್ಲಿ ನಾವು ಹಾಗೆ ಮಾಡಿ ನೋಡಿದೆವು. ಒಳಗೆ ಕೂತ ನನಗೆ ಎಡಮೂಲೆಯ ಮೇಲ್ತುದಿಯಲ್ಲಿ ದಾರದಷ್ಟು ತೆಳುವಾದ ಬೆಳಕು ಒಂದು ಗೇಣುದ್ದ ಹೊಳೆದು ಹೋಯಿತು. ಅದರ ನೇರ ಕೆಳಗೆ ತಳದ ಹಲಗೆ ಕಪ್ಪಾಗಿತ್ತು.

ಒಳಗೆ ಕೂತಾಗಲೇ ಇನ್ನೊಂದು ಸಂಗತಿ ಮೈಗೆ ತಾಗಿತು. ಎಲ್ಲ ಸಂದು ಮುಚ್ಚಿದ ಪೆಟ್ಟಿಗೆಯಲ್ಲಿ ಮನುಷ್ಯ ಮಲಗಲಾರ. ನಮ್ಮ ಉಸಿರಿನ ತೇವವೇ ತಣ್ಣಗಿನ ತಗಡಿಗೆ ತಾಗಿ ಬೆವರಾಗಿ ಹನಿಯುತ್ತದೆ. ಕಾರ್ಯಕ್ರಮಗಳಿಲ್ಲದ ಆಷಾಢದಲ್ಲಿ ವಾರಗಟ್ಟಲೆ ಬಾಗಿಲು ಹಾಕಿಟ್ಟರೆ ಸ್ಪೀಕರಿನ ಕಾಗದದ ಕೋನು ಬೂಷ್ಟು ಹಿಡಿಯುತ್ತದೆ. ಮಳೆಯನ್ನು ಹೊರಗಿಟ್ಟು ತೇವವನ್ನು ಒಳಗೆ ಕೂಡಿಹಾಕಿದರೆ ಗೆದ್ದಂತಾಗಲಿಲ್ಲ. ಆದ್ದರಿಂದ ಮುಂದಿನ ಕಿಂಡಿಗೆ ಎದುರಾಗಿ ಹಿಂದೆಯೂ ಮಾಡಿಗೆ ತಾಗಿದಂತೆ ಒಂದು ಕಿಂಡಿ ಬೇಕು, ಎರಡಕ್ಕೂ ಸೊಳ್ಳೆ ಬಲೆ ಬೇಕು. ತಳದ ನಾಲ್ಕು ಮೂಲೆಗೆ ನೀರು ಬಸಿಯುವ ತೂತು ಬೇಕು. ಸಾಮಾನು ತಳಕ್ಕೆ ತಾಗದಂತೆ ಅಡ್ಡಪಟ್ಟಿ ಬೇಕು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ: ಜನರೇಟರನ್ನು ಟಾಪಿನ ಒಳಗಾಗಲಿ ಕಿಂಡಿಯ ಹತ್ತಿರವಾಗಲಿ ಓಡಿಸಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವನನ್ನು ಎಬ್ಬಿಸದೆಯೇ ಕೊಲ್ಲುತ್ತದೆ.

ಕಾನೂನಿನ ಕಡೆಯೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ರೂಪವನ್ನು ಮನಬಂದಂತೆ ಬದಲಾಯಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಗಾಗಿ ಕೆಲಸ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಮಲಗುವುದೇನಿದ್ದರೂ ನಿಂತ ಗಾಡಿಯಲ್ಲಿ, ಓಡುವಾಗ ಹಿಂದೆ ಒಬ್ಬರೂ ಇರಕೂಡದು.

ಅಂತೂ ಫೈಬರೆಂದು ತೀರ್ಮಾನವಾಯಿತು. ಬಿಳಿ ಬಣ್ಣ, ಬಿಸಿಲು ಕುಡಿಯುವುದಿಲ್ಲವೆಂದು. ಮಾಡು ನಡುವಿನಲ್ಲಿ ಎರಡು ಇಂಚು ಎತ್ತರ, ಎರಡು ಬದಿಗೂ ಇಳಿಜಾರು. ಹಿಂಬಾಗಿಲಿನ ಮೇಲೆ ದಂಬೆ, ಅದರ ನೀರು ಬದಿಗೆ ಬೀಳುವಂತೆ. ತೊಟ್ಟಿಗೆ ತೂತು ಹೊಡೆಯದೆ ಎಂಟು ಕ್ಲಾಂಪುಗಳಲ್ಲಿ ಹಿಡಿತ, ಮುಂದೆ ಗಾಡಿ ಬದಲಾಯಿಸಿದರೂ ಚಿಪ್ಪನ್ನು ಎತ್ತಿ ಕೊಂಡೊಯ್ಯಬಹುದು. ಎಲ್ಲ ಬೋಲ್ಟೂ ಸ್ಟೇನ್‌ಲೆಸ್ ಸ್ಟೀಲಿನದು.

ಕಿಟಕಿಯ ವಿಷಯದಲ್ಲಿ ಮಾತ್ರ ನಾವಿಬ್ಬರೂ ಇನ್ನೂ ಜಗಳಾಡುತ್ತಿದ್ದೇವೆ. ಅವನಿಗೆ ಎರಡು ಬದಿಗೂ ಸರಿಯುವ ಗಾಜಿನ ದೊಡ್ಡ ಕಿಟಕಿ ಬೇಕು. ಪ್ರತಿ ಕಿಟಕಿಯೂ ಮಳೆಗೆ ಕೊಟ್ಟ ಇನ್ನೊಂದು ಅಂಚು, ಗಾಜಿನ ಕೆಳಗಿನ ಹಳಿಯಲ್ಲಿ ಎಲೆ ಕಸ ಸೇರಿ ನೀರು ನಿಲ್ಲುತ್ತದೆ, ಕಿಂಡಿ ಎರಡಿದ್ದರೆ ಸಾಕು ಎಂದು ನನ್ನ ವಾದ. "ಮಾವ, ನೀವು ಅದರೊಳಗೆ ಮಲಗುವುದಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗ ಯಾವ ಊರಿನಲ್ಲಿದ್ದೇನೆಂದು ನನಗೆ ಕಾಣಬೇಕಲ್ಲ" ಎನ್ನುತ್ತಾನೆ ಅವನು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಒಂದು ಕಿಟಕಿ, ಎಡಬದಿಗೆ ಮಾತ್ರ, ಹಳಿಯಿಲ್ಲದೆ ಮೇಲಿನ ಕೀಲಿನಿಂದ ಹೊರಗೆ ತೆರೆಯುವಂಥದ್ದು, ಮೇಲಂಚಿಗೆ ಒಂದು ತುಟಿ ಇಟ್ಟು, ಎಂಬಲ್ಲಿಯವರೆಗೆ ನಾನು ಬಂದಿದ್ದೇನೆ. ಮುಂದಿನ ವಾರ ಅಚ್ಚಿಗೆ ಅಳತೆ ಕೊಡಲು ಮಲ್ಪೆಗೆ ಹೋಗುವಾಗ ಆ ಹಿರಿಯರನ್ನೇ ಕೇಳುವುದೆಂದು ಇಬ್ಬರೂ ಒಪ್ಪಿದ್ದೇವೆ.